ಆಟದೊಳಗಿನ ಕರೆಂಟು, ನಮ್ಮ ಚಾಳಿನ ಕರೆಂಟು

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗನೊಬ್ಬ ಮನೆಪಾಠದ ಪುಸ್ತಕದ ಹಿಂದಿನ ಹಾಳೆಯಲ್ಲಿ ಏನೋ ಬರೆದುಕೊಂಡು ಕೂತಿದ್ದ. ನೋಡಿದರೆ ವಿದ್ಯುತ್ ಮಂಡಲದ ಚಿತ್ರ. ನಮ್ಮ ಪಠ್ಯದಲ್ಲಿರುವಂಥ ಒಂದು ಬ್ಯಾಟರಿ, ಒಂದು ಬಲ್ಬು, ಒಂದು ಸ್ವಿಚ್ಚಿನ ಚಿತ್ರ ಅಲ್ಲ. ನಾಲ್ಕು ಜನರೇಟರು, ಮಧ್ಯೆ ದಪ್ಪ ಗೆರೆ, ಅಲ್ಲಲ್ಲಿ ಚೌಕ, ಚೌಕದಿಂದ ಹೊರಟ ತೆಳ್ಳಗಿನ ಗೆರೆಗಳು. "ಇದೇನಪ್ಪಾ?" ಅಂದೆ. ಸ್ವಲ್ಪ ಹೆದರಿದ. ಆಮೇಲೆ, "ಗೇಮ್ ರೀ ಸರ್. ನಾ ಆಡಂಗಿಲ್ಲ, ಯೂಟ್ಯೂಬ್‌ನ್ಯಾಗ ನೋಡ್ತೀನಿ" ಅಂದ.

ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅಪ್ಪ ವಿಜಯಪುರ ಕಡೆಯಿಂದ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಬಂದವರು. ರಾತ್ರಿ ಅಪ್ಪನ ಮೊಬೈಲಿನಲ್ಲಿ ಬೇರೆ ಯಾರೋ ಆಡುವ ಆಟವನ್ನು ಇವನು ನೋಡುತ್ತಾನೆ. ಆ ಆಟದ ಹೆಸರು 'ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್', ಅಂದರೆ 'ಆಮ್ಲಜನಕ ಸೇರಿಲ್ಲ'. ಕೆನಡಾದ ಕ್ಲೇ ಎಂಬ ಸಂಸ್ಥೆ 2019ರಲ್ಲಿ ಇದನ್ನು ಪೂರ್ತಿ ರೂಪದಲ್ಲಿ ಹೊರತಂದಿತು. ಒಂದು ಕ್ಷುದ್ರಗ್ರಹದ ಹೊಟ್ಟೆಯೊಳಗೆ ಮೂರು ಜನ ಸಿಕ್ಕಿಕೊಂಡಿರುತ್ತಾರೆ. ಅವರಿಗೆ ಉಸಿರಾಡಲು ಗಾಳಿ, ಕುಡಿಯಲು ನೀರು, ಮಲಗಲು ಜಾಗ ಎಲ್ಲವನ್ನೂ ನಾವೇ ಮಾಡಿಕೊಡಬೇಕು. ಬಹುಪಾಲು ಯಂತ್ರಗಳಿಗೆ ಕರೆಂಟು ಬೇಕು. ಕರೆಂಟು ಹೋದರೆ ಗಾಳಿ ಹೋಯಿತು, ಗಾಳಿ ಹೋದರೆ ಆಟ ಮುಗಿಯಿತು.

ಸ್ಟಾಫ್ ರೂಮಿನಲ್ಲಿ ಈ ಮಾತು ಹೇಳಿದಾಗ ಸಹೋದ್ಯೋಗಿಯೊಬ್ಬರು, "ಗೇಮ್ ನೋಡಿ ವಿಜ್ಞಾನ ಬರೋದಾದ್ರೆ ನಾವ್ಯಾಕಿರಬೇಕು ಮಾರಾಯ್ರೆ?" ಎಂದು ನಕ್ಕರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧದ ಬಗ್ಗೆ ನನಗೆ ತಕರಾರಿದೆ, ಅದಕ್ಕೇ ಈ ಬರಹ.

ಮೊದಲು ಆಟ ಸರಿಯಾಗಿ ಕಲಿಸುವುದು ಏನು ಅಂತ ನೋಡೋಣ. ಅದರಲ್ಲಿ ಸಾದಾ ವೈರು 1000 ವಾಟ್ ಅಂದರೆ 1 ಕಿಲೋವಾಟ್ ಮಾತ್ರ ತಡೆಯುತ್ತದೆ. ಓಡುಚಕ್ರದಲ್ಲಿ ಮನುಷ್ಯ ಓಡಿ ತೆಗೆಯುವ ಕರೆಂಟು 400 ವಾಟ್. ಕಲ್ಲಿದ್ದಲಿನ ಜನರೇಟರು 600 ವಾಟ್. ಹೊಸದಾಗಿ ಆಡುವವರು ಏನು ಮಾಡುತ್ತಾರೆ ಅಂದರೆ ಒಂದೇ ವೈರಿಗೆ ಸಾಲಾಗಿ ಯಂತ್ರ ಹಚ್ಚುತ್ತಾ ಹೋಗುತ್ತಾರೆ. ಜನರೇಟರು ಬೇಕಾದಷ್ಟಿದೆ, ಬ್ಯಾಟರಿ ತುಂಬಿದೆ, ಆದರೂ ಟಪ್ ಅಂತ ವೈರು ಸುಡುತ್ತದೆ. ಯಾಕೆ? ವೈರಿಗೆ ತೊಂದರೆ ಆಗೋದು ಎಷ್ಟು ಕರೆಂಟು ಹುಟ್ಟುತ್ತಿದೆ ಅನ್ನೋದರಿಂದ ಅಲ್ಲ, ಅದರ ಮೇಲೆ ಒಂದೇ ಹೊತ್ತಿಗೆ ಎಷ್ಟು ಎಳೆಯುತ್ತಿದ್ದೀರಿ ಅನ್ನೋದರಿಂದ. ಹತ್ತನೇ ತರಗತಿ ಮುಗಿಸಿದ ಎಷ್ಟೋ ಮಕ್ಕಳಿಗೆ ಈ ಒಂದು ವಾಕ್ಯ ಗೊತ್ತಿರುವುದಿಲ್ಲ. ಓಮನ ನಿಯಮ ಬಾಯಿಪಾಠ ಇರುತ್ತದೆ, ವೈರು ಯಾಕೆ ಸುಡುತ್ತೆ ಅಂತ ಕೇಳಿದರೆ "ಶಾರ್ಟ್ ಸರ್ಕ್ಯೂಟ್ ಸರ್" ಅನ್ನುತ್ತಾರೆ. ಪೇಪರಿನವರೂ ಹಾಗೇ ಬರೆಯುತ್ತಾರೆ ಬಿಡಿ.

ಇನ್ನು ಆ ಹುಡುಗನ ಚಾಳಿನ ಕಥೆಗೆ ಬರುತ್ತೇನೆ. ಎಂಟು ರೂಮು, ಒಂದೇ ಮೀಟರು, ಒಂದೇ ಮೇನ್ ಲೈನು, ಅದಕ್ಕೆ 32 ಆಂಪಿಯರಿನ ಎಂಸಿಬಿ. ಸಂಜೆ ಏಳೂವರೆ ಎಂಟಕ್ಕೆ, ಸರಿಯಾಗಿ ಅಡುಗೆ ಹೊತ್ತಿಗೆ, ಅದು ಬೀಳುತ್ತಿತ್ತು. ಎತ್ತಿದರೆ ಸ್ವಲ್ಪ ಹೊತ್ತು ನಿಲ್ಲುತ್ತೆ, ಮತ್ತೆ ಬೀಳುತ್ತೆ. ಎಲ್ಲರಿಗೂ ಬೇಸರ. ಕೊನೆಗೆ, ಎಂಸಿಬಿ ಹಾಳಾಗಿದೆ, 63 ಆಂಪಿಯರಿನದು ಹಾಕಿಸಿಬಿಡೋಣ ಎಂದು ಹಿರಿಯರು ಮಾತಾಡಿಕೊಂಡರು. ವೈರು ಮಾತ್ರ ಹಳೇದೇ.

ಹುಡುಗ ಶಾಲೆಗೆ ಬಂದು ನನ್ನ ಹತ್ತಿರ ಕೇಳಿದ್ದು ಇಷ್ಟೇ: "ಸರ್, ದೊಡ್ಡ ಎಂಸಿಬಿ ಹಾಕಿದ್ರ ವೈರಿಗೆ ಗೊತ್ತಾಗತೈತೇನ್ರಿ?"

ಇಂಥ ಪ್ರಶ್ನೆ ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಬಂದದ್ದು ಕಡಿಮೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ನೀವೂ ಹಾಕಿ ನೋಡಿ. ಎಂಟು ಫ್ಯಾನು, ಒಂದಕ್ಕೆ 75 ವಾಟಿನಂತೆ 600. ಹದಿನಾರು ಎಲ್‌ಇಡಿ ಬಲ್ಬು, 9 ವಾಟಿನಂತೆ 144. ಆರು ಟಿ.ವಿ., 80ರಂತೆ 480. ಒಂದು ಇಸ್ತ್ರಿಪೆಟ್ಟಿಗೆ 1000. ಇಲ್ಲಿಗೆ 2224 ವಾಟ್. ಇದರ ಮೇಲೆ ಇಂಡಕ್ಷನ್ ಒಲೆ, ಒಂದೊಂದಕ್ಕೆ 2000 ವಾಟ್. ಮೂರು ಒಲೆ ಹೊತ್ತಿದರೆ ಒಟ್ಟು 8224 ವಾಟ್, ಅದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 36 ಆಂಪಿಯರ್. ನಾಲ್ಕನೆಯದು ಹೊತ್ತಿದರೆ 10,224 ವಾಟ್, ಸುಮಾರು 44 ಆಂಪಿಯರ್.

36 ಆಂಪಿಯರಿಗೆ 32ರ ಎಂಸಿಬಿ ಬೀಳಬೇಕಲ್ಲ, ಯಾಕೆ ಬೀಳಲಿಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ಕರೆಂಟು ಹೆಚ್ಚಾದರೆ ಅದು ಬಿಸಿಯಾಗಿ ಬಾಗುತ್ತದೆ, ಬಾಗಿದಾಗ ಸ್ವಿಚ್ಚು ಬೀಳುತ್ತದೆ. ಮಿತಿಗಿಂತ ಸ್ವಲ್ಪವೇ ಜಾಸ್ತಿ ಇದ್ದರೆ ಗಂಟೆಗಟ್ಟಲೆ ತಡೆದುಕೊಳ್ಳಬಹುದು. ಸುಮಾರು ಒಂದೂಕಾಲು, ಒಂದೂವರೆ ಪಟ್ಟು ಆದಾಗ ನಿಮಿಷಗಳ ಲೆಕ್ಕಕ್ಕೆ ಬರುತ್ತದೆ. ನಿಜವಾದ ಶಾರ್ಟ್ ಆದರೆ ಇನ್ನೊಂದು ವ್ಯವಸ್ಥೆ, ಕಾಂತದ ಸುರುಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳಿಸುತ್ತದೆ. ಹಾಗಾಗಿ ಚಾಳಿನ ಎಂಸಿಬಿ ಹಾಳಾಗಿರಲಿಲ್ಲ. ತನ್ನ ಕೆಲಸ ತಾನು ಸರಿಯಾಗಿ ಮಾಡುತ್ತಿತ್ತು, ಬೈಸಿಕೊಳ್ಳುತ್ತಿತ್ತು. ಅದನ್ನು ತೆಗೆದು 63ರದ್ದು ಹಾಕಿದ್ದರೆ 44 ಆಂಪಿಯರಿಗೆ ಅದು ಜಪ್ಪಯ್ಯ ಅಂದರೂ ಬೀಳುತ್ತಿರಲಿಲ್ಲ. ಆಗ ಬಿಸಿಯಾಗುವ ಸರದಿ ಗೋಡೆಯೊಳಗಿನ ವೈರಿನದು. ಆಟದಲ್ಲಿ ವೈರು ಸುಟ್ಟರೆ ಒಬ್ಬ ಬೊಂಬೆಮನುಷ್ಯ ಓಡಿ ಬಂದು ರಿಪೇರಿ ಮಾಡುತ್ತಾನೆ. ಚಾಳಿನಲ್ಲಿ ಆ ಹೊತ್ತಿಗೆ ಎಂಟು ಸಂಸಾರ ಮಲಗಿರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲೆಕ್ಕ ಹಾಕೋದು ನಿಮ್ಮ ಕೆಲಸ, ವೈರು ಮುಟ್ಟೋದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ಬೋರ್ಡು ಬಿಚ್ಚಿ ನೋಡುವ ಧೈರ್ಯ ಮಾಡಬೇಡಿ.

ಆಟದಲ್ಲಿ ಈ ಸಮಸ್ಯೆಗೆ ಇರುವ ದಾರಿ ಟ್ರಾನ್ಸ್‌ಫಾರ್ಮರು. ಜನರೇಟರುಗಳನ್ನೆಲ್ಲ 20 ಕಿಲೋವಾಟ್ ತಡೆಯುವ ದಪ್ಪ ವೈರಿಗೆ ಕಟ್ಟಿ, ಅದರಿಂದ 1 ಕಿಲೋವಾಟಿನ ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಒಂದೊಂದು ಕೋಣೆಗೆ ಬೇರೆ ಬೇರೆ ತೆಳು ವೈರು ಎಳೆಯುವುದು. ಆ ಹುಡುಗ ಬರೆದಿದ್ದ ಚೌಕಗಳು ಇವೇ. ನಿಜಜೀವನದಲ್ಲೂ ರೂಪ ಹೀಗೇ: ಲಕ್ಷಗಟ್ಟಲೆ ವೋಲ್ಟಿನ ಲೈನು, ಅದರಿಂದ 33 ಸಾವಿರ, 11 ಸಾವಿರ, ಕೊನೆಗೆ ನಮ್ಮ ಮನೆಯ 230. ಆದರೆ ಆಟದಲ್ಲಿ ವೋಲ್ಟೇಜ್ ಅನ್ನೋ ಪದವೇ ಇಲ್ಲ, ಬರೀ ವಾಟ್. ಹಾಗಾಗಿ ಟ್ರಾನ್ಸ್‌ಫಾರ್ಮರ್ ನಿಜವಾಗಿ ಯಾಕೆ ಬೇಕು ಅನ್ನೋದು ಆಟದಿಂದ ಗೊತ್ತಾಗುವುದಿಲ್ಲ. ಒಂದು ಲಕ್ಷ ವಾಟನ್ನು 230 ವೋಲ್ಟಿನಲ್ಲಿ ಕಳಿಸಿದರೆ ಸುಮಾರು 435 ಆಂಪಿಯರ್ ಹರಿಯುತ್ತದೆ. 11,000 ವೋಲ್ಟಿನಲ್ಲಿ ಕಳಿಸಿದರೆ ಬರೀ 9. ತಂತಿಯಲ್ಲಿ ಶಾಖವಾಗಿ ನಷ್ಟ ಆಗುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಅಂದರೆ ಅದೇ ತಂತಿಯಲ್ಲಿ ನಷ್ಟ ಎರಡು ಸಾವಿರ ಪಟ್ಟಿಗೂ ಹೆಚ್ಚು ಕಡಿಮೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹೋಯಿತಲ್ಲ, ಅದು ಸಾಧ್ಯವಾದದ್ದು ಈ ಲೆಕ್ಕದಿಂದ.

ಆಟ ಬಚ್ಚಿಡುವ ಇನ್ನೊಂದು ದೊಡ್ಡ ಸಂಗತಿ ಸಮತೋಲ. ಆಟದಲ್ಲಿ ಬ್ಯಾಟರಿ ಇಟ್ಟರೆ ಮುಗಿಯಿತು, ಹೆಚ್ಚಾದದ್ದು ಅದರಲ್ಲಿ ತುಂಬುತ್ತೆ, ಕಡಿಮೆಯಾದಾಗ ಹೊರಗೆ ಬರುತ್ತೆ. ನಮ್ಮ ದೇಶದ ಗ್ರಿಡ್ಡಿನಲ್ಲಿ ಅಂಥ ಸಂಗ್ರಹ ಬಳಕೆಯ ಮುಂದೆ ತೀರಾ ಅತ್ಯಲ್ಪ. ಈ ಕ್ಷಣ ನೀವು ಫ್ಯಾನು ಹಚ್ಚಿದರೆ ಈ ಕ್ಷಣವೇ ಎಲ್ಲೋ ಅಷ್ಟು ವಿದ್ಯುತ್ ಹುಟ್ಟಬೇಕು. ಹುಟ್ಟದಿದ್ದರೆ ತಿರುಗುತ್ತಿರುವ ಟರ್ಬೈನುಗಳೆಲ್ಲ ಒಂದಿಷ್ಟು ನಿಧಾನವಾಗುತ್ತವೆ, ಸೆಕೆಂಡಿಗೆ 50 ಇರಬೇಕಾದ ಆವೃತ್ತಿ ಇಳಿಯುತ್ತದೆ. ನಮ್ಮಲ್ಲಿ ಅದನ್ನು 49.90ರಿಂದ 50.05ರ ನಡುವೆ ಹಿಡಿದಿಡಬೇಕು ಅನ್ನೋದು ನಿಯಮ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಲೈನಿನ ಮೂಲಕ ದಕ್ಷಿಣದ ಗ್ರಿಡ್ಡು ಉಳಿದ ದೇಶದ ಗ್ರಿಡ್ಡಿಗೆ ಜೋಡಿಯಾಯಿತು. ಅಲ್ಲಿಂದೀಚೆಗೆ ವಾಸ್ಕೊದ ಫ್ಯಾನೂ ರಾಯಚೂರಿನ ಪಂಪ್‌ಸೆಟ್ಟೂ ಒಂದೇ ತಾಳಕ್ಕೆ ತಿರುಗುತ್ತವೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಉಷ್ಣ ಸ್ಥಾವರ ಇದೆ, ನಿಮ್ಮಲ್ಲಿ ಕೆಲವರು ಊರಿಗೆ ಹೋಗುವಾಗ ಅದರ ಚಿಮಣಿ ನೋಡಿರಬೇಕು. ಅದೂ ಇದೇ ತಾಳದಲ್ಲಿದೆ.

2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ದೇಶವೆಲ್ಲ ಒಂಬತ್ತು ನಿಮಿಷ ದೀಪ ಆರಿಸಿತಲ್ಲ, ಆಗ ನಿಮಗೆ ತೀರಾ ಚಿಕ್ಕ ವಯಸ್ಸು. ಆ ಕೆಲವೇ ನಿಮಿಷಗಳಲ್ಲಿ ಬೇಡಿಕೆ ಸುಮಾರು 31 ಸಾವಿರ ಮೆಗಾವಾಟ್ ಬಿತ್ತು, ಮತ್ತೆ ಎದ್ದಿತು. ಕಲ್ಲಿದ್ದಲ ಸ್ಥಾವರ ಅಷ್ಟು ಬೇಗ ಇಳಿಯೋದೂ ಇಲ್ಲ, ಏರೋದೂ ಇಲ್ಲ. ಜಲವಿದ್ಯುತ್ ಮುಖ್ಯವಾಗಿ ಆ ಭಾರ ಹೊತ್ತಿತು. ಗೇಟು ಮುಚ್ಚು, ಗೇಟು ತೆರೆ. ನನ್ನ ಮಟ್ಟಿಗೆ ಆ ರಾತ್ರಿಯ ನಿಜವಾದ ಸಾಧನೆ ದೀಪ ಹಚ್ಚಿದವರದಲ್ಲ, ಭಾರ ರವಾನೆ ಕೇಂದ್ರಗಳಲ್ಲಿ ಕೂತಿದ್ದವರದು.

'ಫ್ಯಾಕ್ಟೋರಿಯೋ' ಅಂತ ಇನ್ನೊಂದು ಆಟವಿದೆ, ಕಾರ್ಖಾನೆ ಕಟ್ಟೋದು. ಅದರಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಯಾಂತ್ರಿಕ ಕೈ ಕೂಡ ಕರೆಂಟಿನಿಂದಲೇ ನಡೆಯುತ್ತದೆ. ಕರೆಂಟು ಸ್ವಲ್ಪ ಕಡಿಮೆಯಾದರೆ ಕೈ ನಿಧಾನ, ಕಲ್ಲಿದ್ದಲು ಕಡಿಮೆ, ಕರೆಂಟು ಇನ್ನೂ ಕಡಿಮೆ, ಕೈ ಇನ್ನೂ ನಿಧಾನ... ಕೊನೆಗೆ ಎಲ್ಲ ಸ್ತಬ್ಧ. ಇದು ಬರೀ ಆಟದ ಮಾತಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿ ಬಂದಾಗ ಹೊರೆ ಕಡಿಮೆ ಮಾಡಲು ಲೈನುಗಳನ್ನು ತೆಗೆದರು. ಹಾಗೆ ತೆಗೆದವುಗಳಲ್ಲಿ ಕೆಲವು, ವಿದ್ಯುತ್ ಸ್ಥಾವರಗಳಿಗೆ ಅನಿಲ ಒದಗಿಸುವ ಪಂಪುಗಳ ಲೈನುಗಳೇ ಆಗಿದ್ದವು! 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದದ್ದು ಬೇರೆ ಕಾರಣಕ್ಕೆ. ಬೀನಾ-ಗ್ವಾಲಿಯರ್ ಲೈನಿನ ಮೇಲೆ ಭಾರ ಹೆಚ್ಚಾಗಿ ಅದು ಕಳಚಿಕೊಂಡಿತು, ಅದರ ಪಾಲಿನ ಹೊರೆ ಪಕ್ಕದ ಲೈನುಗಳ ಮೇಲೆ ಬಿತ್ತು, ಒಂದರ ಹಿಂದೊಂದು ಬಿದ್ದವು. ಎರಡನೇ ದಿನ ಅರವತ್ತು ಕೋಟಿಗೂ ಮಿಕ್ಕಿ ಜನ ಇರುವ ಪ್ರದೇಶಕ್ಕೆ ಕರೆಂಟಿರಲಿಲ್ಲ. ಆದರೆ ಮತ್ತೆ ಏಳುವಾಗ ಅದೇ ಗಂಟು ಎದುರಾಯಿತು: ಉಷ್ಣ ಸ್ಥಾವರ ಶುರುವಾಗಲು ಅದಕ್ಕೇ ಕರೆಂಟು ಬೇಕು. ಗೋವಾ ಇರುವ ಪಶ್ಚಿಮದ ಗ್ರಿಡ್ಡು ಆ ಎರಡೂ ದಿನ ಉಳಿದುಕೊಂಡಿತು.

ಈಗ ನನ್ನ ಸಹೋದ್ಯೋಗಿಯ ಅರ್ಧ ಸತ್ಯಕ್ಕೆ ಬರುತ್ತೇನೆ. ಆಟ ಒಂದು ಕೆಟ್ಟ ಚಾಳಿ ಕಲಿಸುತ್ತದೆ. ಕರೆಂಟು ಸಾಲದೇ? ಇನ್ನೊಂದು ಜನರೇಟರು ಇಡು. ವೈರು ಸಾಲದೇ? ಇನ್ನೊಂದು ಎಳೆ. ಎಲ್ಲಿ ಬೇಕಾದರೂ ಅಗೆ, ಯಾರನ್ನೂ ಕೇಳಬೇಕಾಗಿಲ್ಲ. ಅಲ್ಲಿಯ ನೆಲ ಯಾರದ್ದೂ ಅಲ್ಲ. (ಒಂದು ವಿಷಯದಲ್ಲಿ ಮಾತ್ರ ಆಟ ಮಾಡಿದವರನ್ನು ಮೆಚ್ಚಬೇಕು. ದಪ್ಪ ವೈರು ನೋಡಲು ಕುರೂಪ, ಅದು ಕಣ್ಣೆದುರಿಗಿದ್ದರೆ ಬೊಂಬೆಗಳ ಮನಸ್ಸು ಕೆಡುತ್ತದೆ ಅಂತ ಒಂದು ನಿಯಮ ಇಟ್ಟಿದ್ದಾರೆ. ನಮ್ಮ ಲೆಕ್ಕಗಳಲ್ಲಿ ಅಷ್ಟೂ ಇರುವುದಿಲ್ಲ.)

ಗೋವಾದ ನೆಲ ಹಾಗಲ್ಲ. ಈ ಪುಟ್ಟ ರಾಜ್ಯದಲ್ಲಿ ಹೇಳಿಕೊಳ್ಳುವಂಥ ವಿದ್ಯುತ್ ಉತ್ಪಾದನೆ ಇಲ್ಲ. ನಮ್ಮ ಹತ್ತಿರದ ಸಾಂಕವಾಳದಲ್ಲಿ ನಾಫ್ತಾದಿಂದ ನಡೆಯುತ್ತಿದ್ದ 48 ಮೆಗಾವಾಟಿನ ಒಂದು ಸ್ಥಾವರವಿತ್ತು, ಅದರಿಂದ ಕೊಳ್ಳುವ ಒಪ್ಪಂದ 2014ಕ್ಕೆ ಮುಗಿಯಿತು. ಹೆಚ್ಚುಕಡಿಮೆ ಎಲ್ಲ ಕರೆಂಟೂ ಹೊರಗಿನಿಂದ ಬರಬೇಕು, ಅದೂ ಕೆಲವೇ ಲೈನುಗಳಲ್ಲಿ. ಕೊಲ್ಲಾಪುರ ಕಡೆಯಿಂದ ಒಂದು ದಾರಿ, ದಾಂಡೇಲಿ ಹತ್ತಿರದ ಅಂಬೇವಾಡಿಯಿಂದ ಘಟ್ಟ ಇಳಿದು ಬರುವ 220 ಕಿಲೋವೋಲ್ಟಿನದು ಇನ್ನೊಂದು. ಅದಕ್ಕೇ ಧಾರವಾಡದ ಹತ್ತಿರದ ನರೇಂದ್ರದಿಂದ 400 ಕಿಲೋವೋಲ್ಟಿನ ಹೊಸ ಲೈನು ತರುವ ಯೋಜನೆ ಬಂತು. ಹೆಸರು 'ಗೋವಾ-ತಮ್ನಾರ್'. ತಮ್ನಾರ್ ಇರುವುದು ಛತ್ತೀಸಗಡದಲ್ಲಿ, ಹಾಗಾಗಿ ಅಲ್ಲಿಂದ ಇಲ್ಲಿಯವರೆಗೆ ಒಂದೇ ತಂತಿ ಎಳೆಯುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಅಲ್ಲಿಯದೊಂದು ತುಂಡು, ಇಲ್ಲಿಯದೊಂದು ತುಂಡು, ಒಂದೇ ಯೋಜನೆಯಲ್ಲಿ ಸೇರಿಸಿದ್ದು.

ಇಲ್ಲಿಯ ತುಂಡು ಹಾದುಹೋಗುವುದು ಮೊಲ್ಲೆಮ್ ಕಾಡಿನಲ್ಲಿ. 2020ರಲ್ಲಿ ಗೋವಾದ ಯುವಕರು, ವಿದ್ಯಾರ್ಥಿಗಳು, ವಿಜ್ಞಾನಿಗಳು ದೊಡ್ಡ ಚಳವಳಿಯನ್ನೇ ಮಾಡಿದರು. ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ ನೋಡಿ, ಹೊಸ ದಾರಿ ಕಡಿಯುವ ಬದಲು ಆಗಲೇ ಇರುವ 220 ಕಿಲೋವೋಲ್ಟ್ ಲೈನಿನ ದಾರಿಯಲ್ಲೇ ಹೊಸದನ್ನು ತನ್ನಿ ಎಂದು 2021ರಲ್ಲಿ ಶಿಫಾರಸು ಮಾಡಿತು. ಆ ಕಡೆ ಕರ್ನಾಟಕದ ಕಾಡಿನಲ್ಲೂ ಮರ ಕಡಿಯುವ ಪ್ರಶ್ನೆ ಇದ್ದೇ ಇದೆ. ಮೇಲೆ ಮಹದಾಯಿ ನೀರಿನ ಜಗಳವೂ ಇದಕ್ಕೆ ತಳುಕು ಹಾಕಿಕೊಂಡಿದೆ.

ನನ್ನ ಅಭಿಪ್ರಾಯ ಕೇಳಿದರೆ, ಹೊಸ ಲೈನು ಬೇಡವೇ ಬೇಡ ಅನ್ನುವವನು ನಾನಲ್ಲ. ಇರುವ ಒಂದೆರಡು ಲೈನಿನಲ್ಲಿ ಒಂದು ಹೋದರೆ ಉಳಿದದ್ದರ ಮೇಲೆ ಏನಾಗುತ್ತದೆ ಅನ್ನೋದನ್ನು ಬೀನಾ-ಗ್ವಾಲಿಯರ್ ತೋರಿಸಿದೆ. ಕರೆಂಟು ಹೋದಾಗ ಇನ್ವರ್ಟರ್ ಇರುವ ಮನೆಗೆ ಗೊತ್ತೇ ಆಗುವುದಿಲ್ಲ, ಗೊತ್ತಾಗುವುದು ತಗಡಿನ ರೂಮಿನಲ್ಲಿ ಪರೀಕ್ಷೆಗೆ ಓದುವ ನಿಮಗೆ. ಆದರೆ ಕಾಡು ಉಳಿಸಿ ಅಂದವರನ್ನು ಅಭಿವೃದ್ಧಿ ವಿರೋಧಿಗಳು ಅಂತ ಬೈಯುವುದು ಸೋಮಾರಿತನ. ಅವರು ಕೇಳಿದ್ದು ಒಳ್ಳೆಯ ಎಂಜಿನಿಯರ್ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ: ಇರುವ ದಾರಿಯಲ್ಲೇ ದಪ್ಪ ತಂತಿ ಆಗುತ್ತದೆಯೇ? ಆಟದಲ್ಲೂ ನುರಿತವರು ಹಾಗೇ ಮಾಡುತ್ತಾರೆ. ಹೊಸ ಸುರಂಗ ಅಗೆಯದೆ, ಹಳೆಯ ಜಾಗದಲ್ಲೇ 1 ಕಿಲೋವಾಟಿನ ವೈರು ತೆಗೆದು 2 ಕಿಲೋವಾಟಿನ ಉತ್ತಮ ವೈರು ಹಾಕುತ್ತಾರೆ.

ಬ್ಯಾಟರಿಯೂ ಪುಕ್ಕಟೆ ಅಲ್ಲ. ಬಿಸಿಲು ಇದ್ದಾಗ ಬರುವ ಸೋಲಾರ್ ಕರೆಂಟನ್ನು ರಾತ್ರಿಗೆ ಉಳಿಸಲು ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ ಇಟ್ಟುಕೊಳ್ಳುವುದು ಒಂದು ಉಪಾಯ. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಅಂಥದ್ದೇ 2000 ಮೆಗಾವಾಟಿನ ಯೋಜನೆ ಇದೆ. ಅದಕ್ಕೂ ವಿರೋಧ ಇದೆ, ಯಾಕೆಂದರೆ ಆ ಜಾಗ ಸಿಂಗಳೀಕಗಳ ಕಾಡು.

ರಜೆಗೆ ಹುಬ್ಬಳ್ಳಿ ಕಡೆ ಬಸ್ಸಿನಲ್ಲಿ ಹೋಗುವವರು ಒಂದು ಕೆಲಸ ಮಾಡಿ. ಮೊಲ್ಲೆಮ್ ದಾಟಿ ಅನ್‌ಮೋಡ್ ಘಟ್ಟ ಹತ್ತಿದ ಮೇಲೆ ರಾಮನಗರ ಬರುತ್ತದೆ. ಬಸ್ಸು ಚಹಾಕ್ಕೆ ನಿಂತರೆ ಅಲ್ಲಿನ ಹಿರಿಯರೊಬ್ಬರನ್ನು ನಿಮ್ಮದು ಮೂಲ ಯಾವ ಊರು ಅಂತ ಕೇಳಿ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ತಾಲೂಕು ಕೇಂದ್ರವೇ ಮುಳುಗಿತು, ಅಲ್ಲಿಯವರು ಅನೇಕರು ಬಂದು ನೆಲೆಸಿದ್ದು ಈ ರಾಮನಗರದಲ್ಲಿ. ಆ ನೀರು ಇಳಿದು ನಾಗಝರಿ ವಿದ್ಯುದಾಗಾರ ತಿರುಗಿಸುತ್ತದೆ. 2020ರ ಆ ರಾತ್ರಿಯಲ್ಲಿ ಗೇಟು ಮುಚ್ಚಿ ತೆರೆದು ದೇಶ ಉಳಿಸಿಕೊಂಡದ್ದು ಇಂಥ ನೀರಿನಿಂದಲೇ. ನಾನು ಆಟ ಮಾಡುವವನಾಗಿದ್ದರೆ ಇದನ್ನೂ ಒಂದು ನಿಯಮ ಮಾಡಿ ಸೇರಿಸುತ್ತಿದ್ದೆ. ಆಡುವವರು ಕಡಿಮೆಯಾಗುತ್ತಿದ್ದರೋ ಏನೋ.

ಶಿಕ್ಷಕ ಮಿತ್ರರಿಗೆ ನನ್ನ ಮನವಿ ಇಷ್ಟೇ. ಮಕ್ಕಳು ಇಂಥ ಆಟದ ಮಾತು ತೆಗೆದರೆ ಮೊಬೈಲ್ ಕಸಿದುಕೊಳ್ಳುವ ಮೊದಲು ಹತ್ತು ನಿಮಿಷ ಕೇಳಿ. ಕಂಪ್ಯೂಟರ್ ಲ್ಯಾಬ್ ಇಲ್ಲ ಅಂತ ಕೂರುವುದೂ ಬೇಡ. ನಮ್ಮ ತರಗತಿಯಲ್ಲಿ ಈಗ ಕಾಗದದ ಮೇಲೇ ಆಡುತ್ತೇವೆ. ಒಂದು ಚಾಳು, ಒಂದು ಮೀಟರು, ಪ್ರತಿ ಗುಂಪಿಗೆ ಒಂದು ರೂಮು, ಕೈಯಲ್ಲಿ ವಾಟ್ ಬರೆದ ಚೀಟಿಗಳು. ಎಂಸಿಬಿ ಆಗಿ ಒಬ್ಬ ಹುಡುಗಿ ನಿಲ್ಲುತ್ತಾಳೆ, ಒಟ್ಟು ಮಿತಿ ಮೀರಿದರೆ ದಪ್ಪಂತ ಕೂರುತ್ತಾಳೆ. ಕೂತ ಮೇಲೆ ಯಾರು ಯಾರ ಒಲೆ ಆರಿಸಬೇಕು ಅಂತ ಜಗಳ ಶುರು. ಮೊದಲ ದಿನ ಆ ಜಗಳ ಗಂಟೆ ಹೊಡೆದರೂ ಮುಗಿಯಲಿಲ್ಲ. ಇಸ್ತ್ರಿಯನ್ನು ಬೆಳಗಿನ ಹೊತ್ತಿಗೆ ಹಾಕೋಣ, ಒಲೆಗಳನ್ನು ಎರಡು ಸರದಿ ಮಾಡೋಣ ಎಂದು ಕೊನೆಗೆ ಹೇಳಿದ್ದು ಗಣಿತದಲ್ಲಿ ಯಾವಾಗಲೂ ಹಿಂದೆ ಬೀಳುವ ಒಬ್ಬಳು.

ಆ ಹುಡುಗನ ಚಾಳಿನಲ್ಲಿ 63ರ ಎಂಸಿಬಿ ಹಾಕಲಿಲ್ಲ. ಅವನು ಬರೆದ ಲೆಕ್ಕದ ಹಾಳೆಯನ್ನು ಅಪ್ಪ ಮಾಲೀಕರಿಗೆ ತೋರಿಸಿದರಂತೆ, ಅವರು ವೈರ್‌ಮನ್‌ನನ್ನು ಕರೆಸಿ ನೋಡಿಸಿದರಂತೆ. ನಾಲ್ಕು ರೂಮಿಗೆ ಬೇರೆ ಲೈನು ಎಳೆಸುವುದು ಅಂತ ಮಾತಾಗಿದೆ, ದೀಪಾವಳಿ ಆದ ಮೇಲೆ. ಅಲ್ಲಿಯವರೆಗೆ ಒಲೆಗೆ ಸರದಿ. "ನಮ್ದು ಎಂಟೂವರಿಗೆ ರೀ ಸರ್, ರೊಟ್ಟಿ ತಡಾ ಆಗ್ತಾವ" ಎಂದು ಮೊನ್ನೆ ದೂರಿದ.